ಮಾರ್ಫಿನ್ ಅಂದ್ರೆ ಯಾಕಿಷ್ಟು ಭಯ?

ಮಾರ್ಫಿನ್ ಅಂದ ಕೂಡಲೇ ನಮಗೆ ನೆನಪಾಗೋದು ಸಿನಿಮಾದ ಡ್ರಗ್ಸ್ ಸೀನು. ಆದ್ರೆ ಹಾಸ್ಟೆಲ್‌ನಲ್ಲಿ ಹೊಟ್ಟೆ ಕೆಟ್ಟಾಗ ನುಂಗೋ ಲೋಪೆರಮೈಡ್ ಮಾತ್ರೆ ಕೂಡ ಮಾರ್ಫಿನ್ ಹಿಡಿಯೋ ಓಪಿಯಾಯ್ಡ್ ರಿಸೆಪ್ಟರ್ ಮೇಲೇ ಕೆಲಸ ಮಾಡುತ್ತೆ! ಸಾಮಾನ್ಯ ಡೋಸ್‌ನಲ್ಲಿ ಅದು ಮಿದುಳಿಗೆ ಹೋಗದೆ ಕರುಳಿನಲ್ಲೇ ಉಳಿಯುತ್ತೆ, ಹಾಗಾಗಿ ನಶೆ ಇಲ್ಲ.

ಈ ರಿಸೆಪ್ಟರ್ ಇರೋದನ್ನ 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿದರು. ಗಸಗಸೆ ಗಿಡದ ರಸಕ್ಕೆ ನಮ್ಮ ದೇಹದಲ್ಲಿ ಸಾಕೆಟ್ ಯಾಕಿದೆ? 1975ರಲ್ಲಿ ಉತ್ತರ ಸಿಕ್ತು: ದೇಹವೇ ಎನ್ಕೆಫಲಿನ್ ಅನ್ನೋ ತನ್ನದೇ ನೋವುನಿವಾರಕ ತಯಾರಿಸುತ್ತೆ, ಸಾಕೆಟ್ ಇರೋದು ಅದಕ್ಕೆ. ಮಾರ್ಫಿನ್ ಬಂದು ಕೂತಾಗ ನರಕೋಶದ ಕ್ಯಾಲ್ಸಿಯಂ ಚಾನೆಲ್ ಮುಚ್ಚುತ್ತೆ, ಪೊಟ್ಯಾಸಿಯಂ ಚಾನೆಲ್ ತೆರೆಯುತ್ತೆ, ನೋವಿನ ಸಿಗ್ನಲ್ ಕ್ಷೀಣಿಸುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಗೇನ್ ಕಮ್ಮಿ ಮಾಡೋದು.

ಭಯಕ್ಕೆ ಕಾರಣವೇ ಇಲ್ಲ ಅಂತಲ್ಲ. ಉಸಿರಾಟ ನಡೆಸೋ ಮಿದುಳುಕಾಂಡದಲ್ಲೂ ಇದೇ ರಿಸೆಪ್ಟರ್ ಇದೆ. ಡೋಸ್ ಮೀರಿದ್ರೆ ಉಸಿರೇ ನಿಲ್ಲಬಹುದು. ಬಹಳ ದಿನ ಬಳಸಿದ್ರೆ ಅದೇ ಡೋಸ್ ಸಾಲದೆ ಹೋಗುತ್ತೆ. ಟಪೆಂಟಡಾಲ್‌ನಂಥ ಮಾತ್ರೆಗಳನ್ನ ನಶೆಗೆ ಬಳಸೋ ಸುದ್ದಿ ನಾವೂ ಓದಿದ್ದೀವಿ. ಆದ್ರೆ ಕರೆಂಟ್ ಶಾಕ್ ಹೊಡೆಯುತ್ತೆ ಅಂತ ಊರಿಗೆ ಲೈನೇ ಎಳೆಯದೆ ಬಿಡ್ತೀವಾ? ಫ್ಯೂಸ್ ಹಾಕ್ತೀವಿ. ಇಲ್ಲಿ ಆ ಫ್ಯೂಸ್ ಅಂದ್ರೆ ತರಬೇತಾದ ವೈದ್ಯರು, ಸರಿಯಾದ ಲೆಕ್ಕ, ಮತ್ತು ಡೋಸ್ ಹೆಚ್ಚಾದ್ರೆ ಮಾರ್ಫಿನ್ ಅನ್ನು ರಿಸೆಪ್ಟರ್‌ನಿಂದ ತಳ್ಳಿಹಾಕೋ ನಾಲೊಕ್ಸೋನ್.

ಈಗ ಸವದತ್ತಿ ಹತ್ತಿರದ ಹೂಲಿಗೆ ಬನ್ನಿ. ಪಂಚಲಿಂಗೇಶ್ವರ ಗುಡಿ ನೋಡೋಕೆ ಹೋದವರಿಗೆ ಊರು ಗೊತ್ತಿರುತ್ತೆ. ಅಲ್ಲಿನ ರೈತರೊಬ್ಬರಿಗೆ ತಂಬಾಕಿನಿಂದ ಬಾಯಿ ಕ್ಯಾನ್ಸರ್ ಆಗಿ, ಚಿಕಿತ್ಸೆಯ ಹಂತ ದಾಟಿದೆ ಅನ್ಕೊಳ್ಳಿ. ಪ್ಯಾರಾಸಿಟಮಾಲ್ ಆ ನೋವಿಗೆ ಸಾಲಲ್ಲ. ಮಾತ್ರೆಗೋಸ್ಕರ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಳಗಾವಿಗೋ ಆ ಸ್ಥಿತಿಯಲ್ಲಿ ಬಸ್ಸಿನಲ್ಲಿ ಎಷ್ಟು ಸಲ ಹೋಗ್ತಾರೆ?

ಕಾನೂನು ಅಡ್ಡಿ ಅನ್ನೋ ನೆಪ ಈಗ ನಡೆಯಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಿಂದ ಆಸ್ಪತ್ರೆಗಳು ಹಲವು ಲೈಸೆನ್ಸ್‌ಗೆ ಅಲೆಯಬೇಕಿತ್ತು. 2014ರ ತಿದ್ದುಪಡಿ ನಂತರ ಮಾನ್ಯತೆ ಪಡೆದ ಆಸ್ಪತ್ರೆ ಮಾರ್ಫಿನ್ ಇಟ್ಕೊಳ್ಳೋದು ಸುಲಭವಾಗಿದೆ. ನಮ್ಮದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯೋ ದೇಶ. ಆದರೂ 2017ರ ಲ್ಯಾನ್ಸೆಟ್ ಆಯೋಗದ ಲೆಕ್ಕದಂತೆ ನಮ್ಮ ರೋಗಿಗಳಿಗೆ ಸಿಗ್ತಿದ್ದದ್ದು ಅಗತ್ಯದ ಶೇ. 4ರಷ್ಟು ಮಾತ್ರ. ಬೆಳೆಯೋರು ನಾವೇ, ನರಳೋರೂ ನಾವೇ!

ನನ್ನ ಅಭಿಪ್ರಾಯ ಇಷ್ಟೇ: ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ಮಾರ್ಫಿನ್ ಮಾತ್ರೆ ಇರಬೇಕು, ಅದನ್ನ ಕೊಡೋಕೆ ತರಬೇತಾದ ಒಬ್ಬ ವೈದ್ಯರಾದರೂ ಇರಬೇಕು. ಪ್ರತಿ ಮಾತ್ರೆಯ ಲೆಕ್ಕ ಇಡೋ ಸಾಫ್ಟ್‌ವೇರ್, ಬೀಗ ಮುರಿದ್ರೆ ಮೆಸೇಜ್ ಕಳಿಸೋ ಕಪಾಟು, ಇವೆಲ್ಲ ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಮೀರಿದ್ದೇನಲ್ಲ. ಪ್ರತಿ ವರ್ಷ ಅದೇ ಸ್ಮಾರ್ಟ್ ಡಸ್ಟ್‌ಬಿನ್ ಮಾಡೋ ಬದಲು ಈ ವರ್ಷ ಯಾರಾದ್ರೂ ಇದನ್ನ ಕೈಗೆತ್ತಿಕೊಳ್ತೀರಾ?