ಕಣ್ಣು ಕೀಳುವ ಹವ್ಯಾಸ

ಹಳೆಯ ಸಿನಿಮಾ ಲೆನ್ಸುಗಳನ್ನು ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳಿಗೆ ತೊಡಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಸುಸ್ಥಿತಿಯಲ್ಲಿರುವ ಬೋಲೆಕ್ಸ್ ಎಚ್-16ರ ಸ್ವಿಟಾರ್ ಲೆನ್ಸನ್ನು ಕಳಚಿ ಮಾರಿ, ಕ್ಯಾಮೆರಾವನ್ನು ಗುಜರಿಗೆ ಎಸೆಯುವುದನ್ನು ಸಹಿಸಲಾರೆ. 1935ರಲ್ಲಿ ಬಂದ ಆ ಸ್ವಿಸ್ ಮಾದರಿಗೆ ಬ್ಯಾಟರಿ ಬೇಡ. ಕೀಲಿ ಕೊಟ್ಟರೆ ಓಡುತ್ತದೆ. 16 ಮಿ.ಮೀ. ಫಿಲ್ಮನ್ನು ಕೊಡಕ್ ಇಂದಿಗೂ ತಯಾರಿಸುತ್ತಿದೆ.

ಇಷ್ಟು ಮಾಡಿ ದಕ್ಕುವುದೇನು? ಆ ಲೆನ್ಸು ಸುಮಾರು 10 ಮಿ.ಮೀ. ಅಗಲದ ಚೌಕಟ್ಟಿಗಾಗಿ ರೂಪಿಸಿದ್ದು. ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರಿನ ಅಗಲ 17.3 ಮಿ.ಮೀ. ಮೂಲೆಗಳು ಬಹುತೇಕ ಕಪ್ಪಾಗುತ್ತವೆ. ಅದನ್ನೇ ಹಳೆಗಾಲದ ಸೊಬಗೆಂದು ಕೊಂಡಾಡುತ್ತಾರೆ! ಸಿ-ಮೌಂಟ್ ಲೆನ್ಸು ಸೆನ್ಸರಿನಿಂದ 17.526 ಮಿ.ಮೀ. ದೂರದಲ್ಲಿ ಕೂರಬೇಕು, ಆದರೆ ಈ ಕ್ಯಾಮೆರಾದ ಬಾಯಿ ಇರುವುದು 19.25ರಲ್ಲಿ. ಒಳಗಿಳಿಯದ ಲೆನ್ಸನ್ನು ಅರದಿಂದ ಉಜ್ಜುತ್ತಾರೆ. ಉಜ್ಜಿದ ಲೋಹ ಮರಳಿ ಬೆಳೆದೀತೇ?

ಹಳೆಯ ಕಾವಲು ಕ್ಯಾಮೆರಾಗಳ ಸಿ-ಮೌಂಟ್ ಲೆನ್ಸುಗಳು ಅಗ್ಗಕ್ಕೆ ಸಿಗುತ್ತವೆ; ಪ್ರಯೋಗವನ್ನು ಅವುಗಳ ಮೇಲೆ ಮಾಡಿರಿ. ಬೋಲೆಕ್ಸ್ ಸಿಕ್ಕರೆ ಫಿಲ್ಮ್ ತುಂಬಿರಿ.