ಎಣ್ಣೆ ಗಾಣ ಹಾಕುವ ಮುನ್ನ

ಶೇಂಗಾ ಬೆಳೆಯುವ ರೈತ ಬಾಂಧವರಲ್ಲಿ ಈಚೆಗೆ ಮರದ ಗಾಣ ಹಾಕುವ ಉತ್ಸಾಹ ಕಾಣುತ್ತಿದೆ. ಕಾಯಿಯನ್ನು ಹಾಗೆಯೇ ಮಾರುವ ಬದಲು ಎಣ್ಣೆ ತೆಗೆದು ಮಾರಿದರೆ ನಡುವಿನವರ ಲಾಭ ತಮಗೇ ಉಳಿಯುತ್ತದೆ ಎಂಬುದು ಅವರ ವಿಚಾರ. ವಿಚಾರ ತಪ್ಪಲ್ಲ. ಆದರೆ ಲೆಕ್ಕ ಹಾಕುವ ಕ್ರಮ ತಪ್ಪಾಗುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಹೋದ ತಿಂಗಳು ಚಳ್ಳಕೆರೆ ತಾಲ್ಲೂಕಿನ ಯುವ ರೈತರೊಬ್ಬರು ಯಂತ್ರದ ದರಪಟ್ಟಿ ಹಿಡಿದು ನಮ್ಮಲ್ಲಿಗೆ ಬಂದಿದ್ದರು. "ಹಾಕಲೋ ಬೇಡವೋ, ಒಂದು ಮಾತು ಹೇಳಿಬಿಡಿ ಸಾರ್" ಎಂದರು. ಯಂತ್ರದ ಬೆಲೆ, ಸಾಲದ ಕಂತು, ಸಹಾಯಧನ ಎಲ್ಲವನ್ನೂ ಬರೆದುಕೊಂಡಿದ್ದರು. ನಾನು ಅದೇ ಹಾಳೆಯ ಹಿಂಬದಿಯಲ್ಲಿ ಬೇರೊಂದು ಲೆಕ್ಕ ಬರೆದೆ.

ಒಂದು ಕ್ವಿಂಟಾಲ್ ಕಾಯಿ ಸುಲಿದರೆ ಸುಮಾರು 70 ಕಿಲೋ ಬೀಜ ಬರುತ್ತದೆ. ಗಾಣದಲ್ಲಿ 100 ಕಿಲೋ ಬೀಜಕ್ಕೆ 40 ಕಿಲೋ ಎಣ್ಣೆ ಸಿಕ್ಕರೆ ಚೆನ್ನಾಗಿ ಆಡಿತು ಎನ್ನಬೇಕು. ದಿನಕ್ಕೆ 50 ಕಿಲೋ ಬೀಜ ಆಡಿಸಿದರೆ 20 ಕಿಲೋ, ಅಂದರೆ ಸುಮಾರು 22 ಲೀಟರ್ ಎಣ್ಣೆ. ತಿಂಗಳಿಗೆ 25 ದಿನ ಗಾಣ ನಡೆದರೆ 550 ಲೀಟರ್. ಒಂದು ಮನೆಗೆ ತಿಂಗಳಿಗೆ 3 ಲೀಟರ್ ಎಂದರೂ 180ಕ್ಕೂ ಹೆಚ್ಚು ಮನೆಗಳು ತಪ್ಪದೆ ಕೊಳ್ಳಬೇಕು. ನಿಮ್ಮ ಎಣ್ಣೆ ಕೊಳ್ಳುವ ಮನೆಗಳನ್ನು ಎಣಿಸಿ ಎಂದೆ. ಬಹಳ ಹೊತ್ತು ಎಣಿಸಿ 27 ಎಂದರು. ಅದರಲ್ಲಿ 9 ನೆಂಟರ ಮನೆ!

ಕಾಯಿಯ ಲೆಕ್ಕ ಇನ್ನೂ ಕಠಿಣ. ವರ್ಷವಿಡೀ ಗಾಣ ತಿರುಗಲು 150 ಕ್ವಿಂಟಾಲ್ ಬೀಜ, ಅಂದರೆ 210 ಕ್ವಿಂಟಾಲಿಗೂ ಹೆಚ್ಚು ಕಾಯಿ ಬೇಕು. ಅವರ 6 ಎಕರೆ ಖುಷ್ಕಿಯಲ್ಲಿ ಒಳ್ಳೆಯ ಮಳೆಯಾದ ವರ್ಷವೂ 30 ಕ್ವಿಂಟಾಲ್ ದಾಟುವುದು ಕಷ್ಟ. ಉಳಿದುದನ್ನು ಸುಗ್ಗಿಯಲ್ಲೇ ನಗದು ಕೊಟ್ಟು ಕೊಳ್ಳಬೇಕು, ಕೂಡಿಡಬೇಕು. ಯಂತ್ರದ ಬೆಲೆ ಇದರ ಮುಂದೆ ಚಿಕ್ಕ ಮಾತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ ಶೇ. 35ರ ಸಹಾಯಧನ ನಿಗದಿ ಮಾಡಿತು. ಅಂಥ ಸಹಾಯಧನ ಯಂತ್ರದ ಭಾರ ಇಳಿಸುತ್ತದೆಯೇ ಹೊರತು ಕಾಯಿ ಖರೀದಿಯ ಭಾರವನ್ನಲ್ಲ. ಗಾಣ ಹಾಕಿದ ದಿನವೇ ರೈತ ಕಾಯಿ ವ್ಯಾಪಾರಿಯೂ ಆಗುತ್ತಾನೆ, ಎಣ್ಣೆ ಅಂಗಡಿಯವನೂ ಆಗುತ್ತಾನೆ. ಈ ಎರಡು ಕಸುಬು ತನಗೆ ಒಗ್ಗುವವೇ ಎಂಬುದನ್ನು ಯಾವ ದರಪಟ್ಟಿಯೂ ಹೇಳುವುದಿಲ್ಲ.

ಕೂಡಿಟ್ಟ ಕಾಯಿಗೆ ಬೂಷ್ಟು ಹಿಡಿಯುವ ಅಪಾಯವೂ ಇದೆ. ತೇವಾಂಶ ಶೇ. 8ಕ್ಕೆ ಇಳಿಯುವವರೆಗೆ ಒಣಗಿಸದಿದ್ದರೆ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗಬಹುದು. ಕಾರ್ಖಾನೆಯಲ್ಲಿ ಎಣ್ಣೆ ಶುದ್ಧೀಕರಿಸುವಾಗ ಅದು ಬಹುಮಟ್ಟಿಗೆ ಹೋಗುತ್ತದೆ. ಗಾಣದಲ್ಲಿ ಆ ಹಂತವೇ ಇಲ್ಲ. ಹಿಂಡಿಯಲ್ಲಿ ಉಳಿದದ್ದು ಹಸುವಿನ ಹಾಲಿಗೂ ಇಳಿಯುತ್ತದೆ. ಆದ್ದರಿಂದ ಮಳೆಗೆ ಸಿಕ್ಕ ಕಾಯಿ ಅಗ್ಗವೆಂದು ಕೊಂಡು ಗಾಣಕ್ಕೆ ಹಾಕುವುದು ಸಲ್ಲದು.

ಚಳ್ಳಕೆರೆಯವರಿಗೆ ಎಣ್ಣೆ ಹೊಸದೇನಲ್ಲ. ಎಣ್ಣೆ ಗಿರಣಿಗಳಿಂದಲೇ ಹೆಸರಾಗಿದ್ದ ಊರದು. 1994ರಲ್ಲಿ ಪಾಮೋಲಿನ್ ಆಮದು ಸಡಿಲವಾದ ಮೇಲೆ ಅಗ್ಗದ ಎಣ್ಣೆ ಹಳ್ಳಿಯ ಅಂಗಡಿಗೂ ಬಂತು. ಗಾಣದ ಎಣ್ಣೆ ಅದರೊಂದಿಗೆ ಬೆಲೆಯಲ್ಲಿ ಸೆಣಸಲಾರದು. ರುಚಿಗೂ ನಂಬಿಕೆಗೂ ಹೆಚ್ಚು ಹಣ ಕೊಡುವ ಮನೆಗಳೇ ಬೇಕು. ಅವು ಹೆಚ್ಚಾಗಿ ಪಟ್ಟಣದಲ್ಲಿವೆ.

ಬೇಡವೆಂದು ನಾನು ಹೇಳಲಿಲ್ಲ. ಈ ವರ್ಷ ಯಂತ್ರ ಕೊಳ್ಳಬೇಡಿ ಎಂದೆ. ಸ್ವಂತ ಬೆಳೆಯ 2 ಕ್ವಿಂಟಾಲ್ ಕಾಯಿಯನ್ನು ಬೇರೆಯವರ ಗಾಣದಲ್ಲಿ ಕೂಲಿ ಕೊಟ್ಟು ಆಡಿಸಿದರೆ 60 ಲೀಟರ್ ಎಣ್ಣೆ ಬರುತ್ತದೆ. ಸುಲಿದ ಕೂಲಿ, ಡಬ್ಬಿ, ಓಡಾಟ, ತಮ್ಮ ದುಡಿಮೆ ಎಲ್ಲ ಸೇರಿಸಿ ಬೆಲೆ ಕಟ್ಟಬೇಕು, ನೆಂಟರಿಗೂ ಅದೇ ಬೆಲೆ. ಮೊದಲ ಸಲ ಮುಲಾಜಿಗೆ ಕೊಳ್ಳುವವರು ಬಹಳ. ಮೂರನೆಯ ಸಲ ತಾವಾಗಿ ಕೇಳಿ ಬಂದವರ ಹೆಸರನ್ನು ಮಾತ್ರ ಬರೆದಿಡಿ ಎಂದೆ.

ಒಪ್ಪಿಕೊಂಡು ಹೋದರು. ದರಪಟ್ಟಿಯನ್ನು ಮಾತ್ರ ಜೋಪಾನವಾಗಿ ಮಡಿಸಿ ಜೇಬಿಗೆ ಇಟ್ಟುಕೊಂಡರು.