ಲೋವರ್ ಆರ್ಮ್ ಹೋಗಿದೆ ಅಂದ್ರೆ, ತೋರಿಸಿ ಅನ್ನಿ

ಕಾರಿನ ಮುಂದಿನ ಚಕ್ರದ ಹತ್ರ ಟಕ್ ಟಕ್ ಸದ್ದು ಶುರುವಾದ್ರೆ ನಮ್ಮ ಕಡೆ ಜನ ಮೊದಲು ಮಾಡಿಸೋದು ವೀಲ್ ಅಲೈನ್‌ಮೆಂಟ್. ಸದ್ದು ಹೋಗಲ್ಲ. ಆಮೇಲೆ ಯಾರೋ ಲೋವರ್ ಆರ್ಮ್ ಹೋಗಿದೆ ಅಂತಾರೆ, ಎರಡೂ ಕಡೆ ಹೊಸದು ಬೀಳುತ್ತೆ, ಆರು ತಿಂಗಳಿಗೆ ಮತ್ತೆ ಅದೇ ಸದ್ದು. ಆಗ ಬೈಗುಳ ತಿನ್ನೋದು ರಸ್ತೆ. ನಮ್ಮ ರಸ್ತೆಗಳಿಗೆ ಬೈಗುಳ ಸಲ್ಲಬೇಕಾದ್ದೇ, ಅದ್ರಲ್ಲಿ ನನ್ನ ತಕರಾರಿಲ್ಲ :) ಆದ್ರೆ ಆರು ತಿಂಗಳಿಗೆ ಬುಷ್ ಹರಿಯೋದಕ್ಕೆ ರಸ್ತೆ ಒಂದೇ ಕಾರಣ ಅಂದ್ರೆ ನಾನು ಒಪ್ಪಲ್ಲ.

ಈ ವಿಷಯ ಇಷ್ಟು ತಲೆಗೆ ಹತ್ತೋಕೆ ಕಾರಣ ಮೌಳಂಗಿಯಲ್ಲಿರೋ ನಮ್ಮ ಕಾಕಾ. ಹಳದಿ ಬೋರ್ಡಿನ ಒಂದು ಹಳೇ ಕಾರು ಇಟ್ಕೊಂಡು, ದಾಂಡೇಲಿಗೆ ಬರೋ ಪ್ರವಾಸಿಗರನ್ನ ಗಣೇಶಗುಡಿ, ಸಿಂಥೇರಿ, ಉಳವಿ ಅಂತ ಸುತ್ತಿಸ್ತಾರೆ. ಒಂದೇ ವರ್ಷದಲ್ಲಿ ಎರಡು ಸಲ ಆರ್ಮ್ ಹಾಕಿಸಿದ್ರು, ಎರಡು ಬೇರೆ ಬೇರೆ ಕಡೆ. ಎರಡನೇದು ಬಂದಿದ್ದು ಜೂನ್‌ನಲ್ಲಿ, ಮಳೆ ಹಿಡಿದು ಗಿರಾಕಿಗಳು ಕಮ್ಮಿಯಾಗೋ ಹೊತ್ತಿಗೆ. "ನೀ ಇಂಜಿನಿಯರ್ ಅದಿ ಅಲ್ಲೋ, ಇದೇನಂತ ನೋಡು" ಅಂದ್ರು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್ ಅನ್ನೋದು ಕಾಕಾನ ಲೆಕ್ಕಕ್ಕೆ ಬರಲ್ಲ.

ನೋಡಿದೆ. ಈಗಿನ ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ಮುಂದೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಅನ್ನೋ ಅಮೆರಿಕನ್ ಇಂಜಿನಿಯರ್‌ದು, 1950ರಲ್ಲೇ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲಿ ಬಂದಿತ್ತು. ಮೇಲೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಒಂದು ಕಂಬ, ಕೆಳಗೆ ಒಂದೇ ಒಂದು ಆರ್ಮ್. ಆರ್ಮಿನ ಒಳತುದಿ ಎರಡು ರಬ್ಬರ್ ಬುಷ್ ಮೇಲೆ ಕಾರಿನ ಅಡಿಗೆ ಕೂತಿರುತ್ತೆ, ಹೊರತುದಿಯ ಬಾಲ್ ಜಾಯಿಂಟ್ ಚಕ್ರವನ್ನ ಹಿಡ್ಕೊಂಡಿರುತ್ತೆ. ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಜಗ್ಗದ ಹಾಗೆ ತಡೆಯೋದು ಈ ಆರ್ಮೇ. ಬುಷ್ ಸಡಿಲ ಆಯ್ತು ಅಂದ್ರೆ ಬ್ರೇಕ್ ಒತ್ತಿದಾಗೆಲ್ಲ ಚಕ್ರ ಜಾಗ ಬಿಡುತ್ತೆ, ಕಾರು ಒಂದು ಕಡೆ ಎಳೆಯುತ್ತೆ, ಟೈರಿನ ಒಂದು ಅಂಚು ಮಾತ್ರ ಸವೆಯುತ್ತೆ. ಇಂಥ ಗಾಡಿಗೆ ಅಲೈನ್‌ಮೆಂಟ್ ಮಾಡೋದು ಅಲ್ಲಾಡೋ ಮೇಜಿನ ಮೇಲೆ ತಕ್ಕಡಿ ಇಟ್ಟ ಹಾಗೆ. ಯಂತ್ರದ ಪರದೆ ಮೇಲೆ ಎಲ್ಲಾ ಹಸಿರು ಬರುತ್ತೆ, ಅಂಗಡಿ ಬಾಗಿಲ ಹಂಪ್ ದಾಟಿದ ಕೂಡ್ಲೇ ಲೆಕ್ಕ ಬದಲು.

ಬಾಲ್ ಜಾಯಿಂಟ್ ವಿಷಯ ಇನ್ನೂ ಗಂಭೀರ. ಅಂಬಾಸಡರ್ ಕಾಲದಲ್ಲಿ ಮುಂದಿನ ಕೀಲುಗಳಿಗೆ ಗ್ರೀಸ್ ಹೊಡೀತಿದ್ರು. ಈಗಿನದು ಒಳಗೆ ಗ್ರೀಸ್ ತುಂಬಿ ಮುಚ್ಚಿಬಿಟ್ಟಿದ್ದು, ಮೇಲೊಂದು ರಬ್ಬರ್ ಟೋಪಿ. ಆ ಟೋಪಿ ಹರಿದ್ರೆ ನಮ್ಮ ಮಳೆನೀರು, ಕೆಂಪು ರಾಡಿ ಎರಡೂ ಒಳಗೆ. ಸವೆದು ಸವೆದು ಕೊನೆಗೆ ಗುಂಡು ಕಿತ್ಕೊಂಡು ಬಂದ್ರೆ ಚಕ್ರ ಮಡಚಿಕೊಳ್ಳುತ್ತೆ. ಅಣಶಿ ಘಟ್ಟದ ತಿರುವಲ್ಲಿ, ಹಿಂದಿನ ಸೀಟಲ್ಲಿ ಯಾರದೋ ಮಕ್ಕಳು ಕೂತಿರುವಾಗ ಹೀಗಾಗೋದನ್ನ ಯೋಚಿಸೋಕೂ ಬೇಡ. ಹಾಗಾಗಿ 'ಸದ್ದು ಬಂದ್ರೆ ಬರ್ಲಿ ಬಿಡು' ಅನ್ನೋದು ನನ್ನ ಪ್ರಕಾರ ತಪ್ಪು. ಹಾಗಂತ ಸದ್ದು ಕೇಳಿದ ಕೂಡ್ಲೇ ಆರ್ಮ್ ಬದಲಿಸೋದೂ ಅಷ್ಟೇ ತಪ್ಪು. ನಮ್ಮ ಕೆಲಸದಲ್ಲಿ ಬಗ್ ಎಲ್ಲಿದೆ ಅಂತ ಗೊತ್ತಾಗದೆ ಮೂರು ಫೈಲ್ ತಿದ್ದಿದ್ರೆ ಟೀಮ್ ಲೀಡ್ ಉಗೀತಾರೆ. ಗ್ಯಾರೇಜಲ್ಲಿ ಅದಕ್ಕೆ ನಾವು ದುಡ್ಡು ಕೊಟ್ಟು ಬರ್ತೀವಿ!

ಪತ್ತೆ ಹಚ್ಚೋಕೆ ದೊಡ್ಡ ಯಂತ್ರ ಏನೂ ಬೇಡ. ಚಕ್ರ ಎತ್ತಿ (ಬರೀ ಜ್ಯಾಕ್ ನಂಬಿ ಯಾರೂ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ), ಮೇಲೆ ಒಂದು ಕೈ ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ. ಇನ್ನೊಬ್ಬರು ಬಾಲ್ ಜಾಯಿಂಟ್ ಮೇಲೆ ಕಣ್ಣಿಟ್ಟಿರಬೇಕು. ಎಡ-ಬಲ ಹಿಡಿದಾಗ ಮಾತ್ರ ಆಡಿದ್ರೆ ಅದು ಟೈ ರಾಡ್ ಕಡೇದು, ಹೇಗೆ ಹಿಡಿದ್ರೂ ಆಡಿದ್ರೆ ಬೇರಿಂಗ್ ಮೇಲೆ ಅನುಮಾನ. ಬುಷ್ ನೋಡೋಕೆ ಆರ್ಮಿಗೂ ಅಡಿಗೂ ನಡುವೆ ಉದ್ದನೆ ಸಲಾಕೆ ಕೊಟ್ಟು ಮೀಟಿ. ರಬ್ಬರ್ ಸ್ವಲ್ಪ ಬಗ್ಗಿ ವಾಪಸ್ ಬರೋದು ಸಹಜ, ಮೇಲ್ಮೈಲಿ ಸಣ್ಣ ಬಿರುಕಿದ್ರೂ ಪರವಾಗಿಲ್ಲ. ರಬ್ಬರ್ ಕಬ್ಬಿಣದಿಂದ ಬಿಟ್ಕೊಂಡು ಟಕ್ ಅಂತ ಜಾರಿದ್ರೆ ಅದು ಹೋಯ್ತು.

ಸಣ್ಣ ಸಣ್ಣ ಹೊಂಡದ ಮೇಲೆ ನಿಧಾನಕ್ಕೆ ಹೋಗುವಾಗ ಮಾತ್ರ ಕಟಕಟ ಅನ್ನೋ ಸದ್ದು ಎಷ್ಟೋ ಸಲ ಆರ್ಮಿಂದಲ್ಲ, ಸ್ಟೆಬಿಲೈಸರ್ ಬಾರಿನ ಲಿಂಕ್ ರಾಡ್‌ದು. ಅದು ಆರ್ಮಿಗಿಂತ ಎಷ್ಟೋ ಅಗ್ಗ. ಎರಡೂ ಲಿಂಕ್ ಬಿಚ್ಚಿಟ್ಟು ಅಂಗಳದಲ್ಲೇ ನಿಧಾನಕ್ಕೆ ಒಂದು ಸುತ್ತು ಹಾಕಿದ್ರೆ ಗೊತ್ತಾಗಿಬಿಡುತ್ತೆ. ಕಾಕಾನ ಮೊದಲ ರಿಪೇರಿಯಲ್ಲಿ ಈ ಪರೀಕ್ಷೆ ಯಾವುದೂ ನಡೆದಿರಲಿಲ್ಲ. ಕಿಲೋಮೀಟರ್ ನೋಡಿ ಎಸ್ಟಿಮೇಟ್ ಬರೆದಿದ್ರು.

ಈಗ ಆ ಆರು ತಿಂಗಳ ಕಥೆಗೆ ಬರ್ತೀನಿ. ಈ ಬುಷ್ ಒಳಗೆ ಏನೂ ಜಾರೋದಿಲ್ಲ. ಹೊರಗೆ ಒಂದು ಕಬ್ಬಿಣದ ಬಳೆ, ಒಳಗೆ ಒಂದು ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರ್. ಆರ್ಮ್ ಮೇಲೆ ಕೆಳಗೆ ಆಡುವಾಗ ರಬ್ಬರ್ ತಿರುಚಿಕೊಳ್ಳುತ್ತೆ ಅಷ್ಟೇ. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಆ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಚಕ್ರ ಗಾಳಿಯಲ್ಲಿ ಜೋತಾಡ್ತಿರುವಾಗ ಬಿಗಿದ್ರಿ ಅಂದ್ಕೊಳ್ಳಿ. ಕಾರು ನೆಲಕ್ಕೆ ಇಳಿದ ಕೂಡ್ಲೇ ಆರ್ಮ್ ಮೇಲಕ್ಕೆ ಬರುತ್ತೆ, ರಬ್ಬರ್ ನಿಂತಲ್ಲೇ ತಿರುಚಿ ನಿಲ್ಲುತ್ತೆ, ಅದರ ಮೇಲೆ ದಿನಾ ಹೊಂಡಗಳು. ಹರಿಯದೆ ಇನ್ನೇನು ಮಾಡುತ್ತೆ ಪಾಪ? ಬೋಲ್ಟ್ ನೆಟ್ಟಗೆ ನಿಂತಿರೋ ಬುಷ್‌ಗಳಿಗೆ ಈ ಮಾತು ಅಷ್ಟು ಅನ್ವಯಿಸಲ್ಲ, ಅಡ್ಡ ಬೋಲ್ಟಿನವಕ್ಕೆ ಪೂರ್ತಿ ಅನ್ವಯಿಸುತ್ತೆ.

ಎರಡನೇ ಗ್ಯಾರೇಜಿನ ಮಿಸ್ತ್ರಿ ಕೈ ಒಳ್ಳೇದು, ಸಲಾಕೆ ಹಾಕಿ ಬುಷ್ ಹರಿದಿದ್ದನ್ನ ಕಾಕಾಗೆ ತೋರಿಸಿದ್ದ. ಬಿಗಿಯೋದನ್ನ ಮಾತ್ರ ಗಾಳಿಯಲ್ಲೇ ಮುಗಿಸಿದ್ದ. ನಾನು ಹೇಳಿದಾಗ, "ಇಷ್ಟ್ ವರ್ಷ ಹಿಂಗೇ ಬಿಗಿದೇವ್ರಿ ಸರ" ಅಂದ. ಅವನ ತಪ್ಪು ಅಂತ ನಾನು ಅನ್ನಲ್ಲ. ಕಂಪನಿಗಳು ರಿಪೇರಿ ಪುಸ್ತಕವನ್ನ ತಮ್ಮ ವರ್ಕ್‌ಶಾಪ್ ಒಳಗೆ, ಅದೂ ಇಂಗ್ಲಿಷಲ್ಲಿ ಇಟ್ಕೊಂಡ್ರೆ ದಾಂಡೇಲಿಯ, ಹಳಿಯಾಳದ ಮಿಸ್ತ್ರಿಗೆ ಇದನ್ನ ಹೇಳೋರು ಯಾರು? ಪಾರ್ಟಿನ ಡಬ್ಬಿ ಮೇಲೆ ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಿದ್ರೆ ಎಷ್ಟೋ ಆರ್ಮ್ ಉಳಿದಾವು.

ಲಿಫ್ಟ್ ಇಲ್ಲದ ಕಡೆಯೂ ಸರಿಯಾಗಿ ಮಾಡಬಹುದು. ಅಡ್ಡ ಬೋಲ್ಟ್‌ಗಳನ್ನ ಹಿಡಿಯೋಷ್ಟು ಮಾತ್ರ ತಿರುಗಿಸಿ ಬಿಡಿ. ಕಾರು ಸ್ಟ್ಯಾಂಡ್ ಮೇಲೆ ಇರುವಾಗಲೇ ಆರ್ಮಿನ ಹೊರತುದಿಗೆ ಜ್ಯಾಕ್ ಕೊಟ್ಟು, ಕಾರು ಇನ್ನೇನು ಸ್ಟ್ಯಾಂಡಿಂದ ಏಳುತ್ತೆ ಅನ್ನೋವರೆಗೆ ಎತ್ತಿ. ಆಗ ಟಾರ್ಕ್ ಪಾನಾದಲ್ಲಿ ಪೂರ್ತಿ ಬಿಗಿಯಿರಿ. ಬಾಲ್ ಜಾಯಿಂಟ್ ಬಿಡಿಸುವಾಗ ರಬ್ಬರ್ ಟೋಪಿಗೆ ಸುತ್ತಿಗೆ ತಾಗದಿರಲಿ, ಲಾಕ್ ನಟ್ ಹೊಸದೇ ಇರಲಿ. ಬಾಲ್ ಜಾಯಿಂಟ್ ಗಟ್ಟಿ ಇದ್ದು ಬುಷ್ ಬೇರೆ ಸಿಗೋ ಗಾಡಿಯಾದ್ರೆ, ಪ್ರೆಸ್ ಇರೋ ಕಡೆ ಬುಷ್ ಮಾತ್ರ ಹಾಕಿಸಿದ್ರೂ ಸಾಕು. ಎರಡೂ ಹೋಗಿದ್ರೆ ಇಡೀ ಆರ್ಮ್ ಹಾಕೋದೇ ಲೇಸು. ಹಳೇದನ್ನ ವಾಪಸ್ ಕೇಳಿ ತಗೊಳ್ಳಿ. ಅಲೈನ್‌ಮೆಂಟ್ ಮಾಡಿಸೋದು ಇಷ್ಟೆಲ್ಲ ಆದ ಮೇಲೆ.

ಕಾಕಾನ ಕಾರಿಗೆ ಎರಡೂ ಕಡೆ ಬೋಲ್ಟ್ ಸಡಿಲಿಸಿ ಹೀಗೆ ಮತ್ತೆ ಬಿಗಿದಿದೀವಿ. ಮಿಸ್ತ್ರಿಯೂ ಪಕ್ಕದಲ್ಲೇ ಕೂತು ನೋಡಿದ. ಮಳೆಗಾಲ ಮುಗಿದ ಮೇಲೆ ಸಲಾಕೆ ಹಾಕಿ ನೋಡೋದಿದೆ.